ಕಾಟು ಸೊಪ್ಪಿನ ಕೆನೆ ಸೂಪು ಕೆಟ್ಟರೆ: ತಪ್ಪು ಹಸಿರಿನದೋ, ಬಿಳಿಯದೋ?

ಕಳೆದ ವರ್ಷ ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟಿನ ತುಳು ತಿಂಗಳಲ್ಲಿ, ತಾನಾಗಿ ಬೆಳೆಯುವ ಕಾಟು ಸೊಪ್ಪಿನಿಂದ ನಾನು ಮಾಡಿದ ಮೊದಲ ಕೆನೆ ಸೂಪಿಗೆ ಸಗಣಿ ಸಾರಿಸಿದ ಅಂಗಳದ ಬಣ್ಣ ಬಂದಿತ್ತು. ಮೇಲೆ ಎಣ್ಣೆಯ ಕಣ್ಣುಗಳು, ಬುಡದಲ್ಲಿ ಮರಳು, ನಡುವೆ ಬರಿಯ ನೀರು. ಬೆಂಗಳೂರಿನಿಂದ ಬಂದಿದ್ದ ಸೊಸೆ ಎರಡು ಚಮಚ ಕುಡಿದು ಚೆನ್ನಾಗಿದೆ ಎಂದಳು. ಅದು ಸುಳ್ಳೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ತಂಬುಳಿ, ಮೇಲಾರ, ತಾಳು ಎಂದು ನಲವತ್ತು ವರ್ಷ ಸೊಪ್ಪಿನ ಜೊತೆಗೇ ಬದುಕಿದವಳಿಗೆ ಒಂದು ಸೂಪು ಒಲಿಯಲಿಲ್ಲವೆಂದರೆ ಅವಮಾನವೇ. ಕಾಸರಗೋಡಿನ ಪೆರ್ಲದ ಬಳಿಯ ನಮ್ಮ ಮನೆಯಲ್ಲಿ ಆಟಿಯಿಂದ ಮುಂದಿನ ತಿಂಗಳಾದ ಸೋಣ ಮುಗಿಯುವವರೆಗೆ ವಾರಕ್ಕೆರಡು ಸಲ ಅದನ್ನೇ ಮಾಡಿದೆ. ಪ್ರತಿ ಸಲ ಏನು ಕೆಟ್ಟಿತು ಎಂದು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟೆ.

ನನ್ನನ್ನು ದಾರಿ ತಪ್ಪಿಸಿದ್ದು ತಂಬುಳಿಯೇ. ತಂಬುಳಿಯಲ್ಲಿ ಸೊಪ್ಪನ್ನು ತುಪ್ಪದಲ್ಲಿ ಬಾಡಿಸಿ, ತೆಂಗಿನಕಾಯಿಯೊಂದಿಗೆ ರುಬ್ಬಿ, ಮಜ್ಜಿಗೆಗೆ ಕಲಸಿದರೆ ಕೆಲಸ ಮುಗಿಯಿತು. ಮತ್ತೆ ಒಲೆಯ ಮುಖ ನೋಡುವುದಿಲ್ಲವಾದ್ದರಿಂದ ಒಡೆಯುವುದಕ್ಕೂ ಕಂದುವುದಕ್ಕೂ ಅವಕಾಶವೇ ಇಲ್ಲ. ಸೂಪನ್ನು ಬಿಸಿಯಾಗಿ ಬಡಿಸಬೇಕು. ಆ ಒಂದು ಬಿಸಿಯಲ್ಲಿಯೇ ಎಲ್ಲ ರೋಗಗಳೂ ಹುಟ್ಟುತ್ತವೆ.

ಮೊದಲು ಕೆಡದ ಸೂಪು ಹೇಗಿರುತ್ತದೆಂದು ಹೇಳಿಬಿಡುತ್ತೇನೆ. ಅಳತೆಗೋಲಿಲ್ಲದೆ ದೋಷ ಹುಡುಕಲಾಗದು. ನಾಲ್ವರಿಗೆ 150 ಗ್ರಾಂ ತಗತೆ ಕುಡಿ ಅಥವಾ ಹೊನಗೊನೆ, ಜೊತೆಗೆ ಒಂದು ಹಿಡಿ ಒಂದೆಲಗ. ಒಂದು ಬಲಿತ ತೆಂಗಿನಕಾಯಿಯ ಹಾಲು: ದಪ್ಪನೆಯ ಒಂದನೇ ಹಾಲು ಮುಕ್ಕಾಲು ಲೋಟ, ತೆಳ್ಳನೆಯ ಎರಡನೇ ಹಾಲು ಎರಡು ಲೋಟ. ಮಂದವಾಗಲು ಬೇಯಿಸಿ ಸಿಪ್ಪೆ ತೆಗೆದ ಎಂಟು ಹಲಸಿನ ಬೇಳೆ, ಇಲ್ಲವಾದರೆ ಒಂದು ದೊಡ್ಡ ಚಮಚ ಬೆಳ್ತಿಗೆ (ಕುಚ್ಚಿಲಲ್ಲದ ಬಿಳಿ) ಅಕ್ಕಿಯನ್ನು ಅರ್ಧ ಗಂಟೆ ನೆನೆಸಿ ರುಬ್ಬಿದ ಹಿಟ್ಟು. ಒಂದು ನೀರುಳ್ಳಿ, ನೀರುಳ್ಳಿ ಬೇಡದ ಮನೆಯಲ್ಲಿ ಶುಂಠಿಯ ಚೂರು. ಉಪ್ಪು, ಕಾಳುಮೆಣಸು, ತುಪ್ಪ. ಬೇಳೆ ಅಥವಾ ಅಕ್ಕಿ, ನೀರುಳ್ಳಿ ಮತ್ತು ಎರಡನೇ ಹಾಲು ಒಂದು ಪಾತ್ರೆಯಲ್ಲಿ ಬೇಯುತ್ತವೆ. ಅದನ್ನು ನಾನು ಬಿಳಿ ಎನ್ನುತ್ತೇನೆ. ಸೊಪ್ಪು ಬೇರೆ ಪಾತ್ರೆಯಲ್ಲಿ ಎರಡು ನಿಮಿಷ ಬೆಂದು, ತಣ್ಣೀರಿಗೆ ಬಿದ್ದು, ಬೇರೆಯಾಗಿಯೇ ರುಬ್ಬಿಸಿಕೊಳ್ಳುತ್ತದೆ. ಅದು ಹಸಿರು. ಎರಡನ್ನೂ ಬಡಿಸುವ ಐದು ನಿಮಿಷ ಮೊದಲು ಬೆರೆಸಿ, ಒಂದನೇ ಹಾಲು ಸೇರಿಸಿ, ಕುದಿಯಲು ಬಿಡದೆ ಇಳಿಸಬೇಕು.

ಹೀಗೆ ಬೇರೆ ಬೇರೆ ಇಡುವುದು ಮಡಿವಂತಿಕೆಯಲ್ಲ. ಬೆರೆಸುವ ಮೊದಲು ಒಂದು ಸೌಟು ಬಿಳಿಯನ್ನೂ ಒಂದು ಚಮಚ ಹಸಿರನ್ನೂ ಪಕ್ಕಕ್ಕೆ ತೆಗೆದಿಡಬಹುದು. ಸೂಪು ಕೆಟ್ಟರೆ ಸಾಕ್ಷಿ ಹೇಳುವುದು ಅವೆರಡೇ. ಸೂಪು ಕಹಿಯಾಗಿದ್ದು ತೆಗೆದಿಟ್ಟ ಬಿಳಿ ಸಿಹಿಯಾಗಿದ್ದರೆ ತಪ್ಪು ಸೊಪ್ಪಿನದು. ಸೂಪು ಒಡೆದಿದ್ದು ಬಿಳಿ ನುಣ್ಣಗಿದ್ದರೆ ಒಡೆದದ್ದು ಬೆರೆಸಿದ ಮೇಲೆ. ಎಲ್ಲವನ್ನೂ ಒಂದೇ ಕುಕ್ಕರಿನಲ್ಲಿ ಕೂಗಿಸಿದವರು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಸಾಕ್ಷಿಯೇ ಇಲ್ಲದ ಮೊಕದ್ದಮೆ ಅದು.

ಬಣ್ಣ ಕೆಟ್ಟಿದೆ

ಮೊದಲು ಎಂಥ ಬಣ್ಣ ಎಂದು ನೋಡಿ. ಕಂದುಹಸಿರಿನ ಕಾರಣ ಒಂದು, ಕಪ್ಪುಹಸಿರಿನ ಕಾರಣ ಇನ್ನೊಂದು.

ಕಪ್ಪಿನದು ಸುಲಭ: ಕಬ್ಬಿಣ. ಸೊಪ್ಪಿನ ಒಗರಿನ ಅಂಶಕ್ಕೆ ಕಬ್ಬಿಣ ತಗಲಿದರೆ ಶಾಯಿಯಂತೆ ಕಪ್ಪಾಗುತ್ತದೆ. ಬಾಣಲೆ ಬದಲಿಸಿ. ಕುಡಿದರೆ ಅಪಾಯವಿಲ್ಲ, ನೋಡುವುದಕ್ಕೆ ಮಾತ್ರ ಕಷ್ಟ.

ಕಂದಿನ ಕಥೆ ಉದ್ದ. ಎಲೆಯ ಹಸಿರಿನ, ಅಂದರೆ ಕ್ಲೋರೋಫಿಲ್ಲಿನ, ನಡುವೆ ಮೆಗ್ನೀಸಿಯಮ್ಮಿನ ಒಂದು ಪರಮಾಣು ಕುಳಿತಿರುತ್ತದೆ. ಬಿಸಿಗೆ ಎಲೆಯ ಜೀವಕೋಶಗಳು ಒಡೆದಾಗ ಅದರೊಳಗಿನ ಹುಳಿ ಹೊರಬಂದು, ಆ ಮೆಗ್ನೀಸಿಯಮ್ಮನ್ನು ಎಬ್ಬಿಸಿ ಅದರ ಜಾಗದಲ್ಲಿ ಹೈಡ್ರೋಜನ್ ಕೂರುತ್ತದೆ. ಯಜಮಾನ ಬದಲಾದ ಮನೆಯ ಹಾಗೆ ಬಣ್ಣವೂ ಬದಲಾಗುತ್ತದೆ. ಇದಕ್ಕೆ ಬೇಕಾದದ್ದು ಮೂರು: ಹುಳಿ, ಬಿಸಿ, ಸಮಯ. ಯಾವುದು ಹೆಚ್ಚಾಯಿತೆಂದು ಕಂಡುಹಿಡಿಯಬೇಕು.

ಸೊಪ್ಪು ಪಾತ್ರೆಯಿಂದ ಹೊರಬರುವಾಗಲೇ ಕಂದಾಗಿತ್ತೇ? ಹಾಗಾದರೆ ಹೆಚ್ಚು ಹೊತ್ತು ಬೆಂದಿದೆ, ಇಲ್ಲವೇ ಮುಚ್ಚಳ ಮುಚ್ಚಿದ್ದೀರಿ. ಮುಚ್ಚಳ ತೆರೆದಿದ್ದರೆ ಹುಳಿಯಲ್ಲಿ ಸ್ವಲ್ಪ ಭಾಗ ಹಬೆಯೊಂದಿಗೆ ಹಾರಿಹೋಗುತ್ತದೆ, ಮುಚ್ಚಿದರೆ ಅದೇ ಹಬೆ ಹನಿಯಾಗಿ ಸೊಪ್ಪಿನ ಮೇಲೆಯೇ ಬೀಳುತ್ತದೆ. ನೀರು ಕಡಿಮೆ ಹಾಕಿದರೂ ಇದೇ ಗತಿ. ಹಿಡಿ ಸೊಪ್ಪಿಗೆ ಎರಡು ಲೀಟರು ಕುದಿಯುವ ನೀರು ದುಂದು ಎನಿಸಬಹುದು. ಆಟಿಯಲ್ಲಿ, ಬಾವಿ ಕಟ್ಟೆಯವರೆಗೆ ತುಂಬಿರುವಾಗ, ಈ ದುಂದಿಗೆ ಯಾರ ಅಪ್ಪಣೆಯೂ ಬೇಡ.

ಎರಡೇ ನಿಮಿಷ ಬೇಯಿಸಿ, ಮುಚ್ಚಳವನ್ನೂ ತೆರೆದಿಟ್ಟು, ಆದರೂ ಕಂದಾಯಿತೇ? ನೀರಿನ ಮೇಲೆ ಅನುಮಾನ ಪಡಿ. ಮುರಕಲ್ಲಿನ (ಜಂಬಿಟ್ಟಿಗೆಯ) ನಾಡಿನ ಬಾವಿನೀರು ಸಾಮಾನ್ಯವಾಗಿ ತುಸು ಹುಳಿಯ ಕಡೆಗೇ ಇರುತ್ತದೆ. ನಾಲಿಗೆಗೆ ತಿಳಿಯದಿದ್ದರೂ ಸೊಪ್ಪಿಗೆ ತಿಳಿಯುತ್ತದೆ. ಪರೀಕ್ಷೆ ಹೀಗೆ: ಎರಡು ಪುಟ್ಟ ಪಾತ್ರೆಗಳಲ್ಲಿ ಅದೇ ನೀರು ಕುದಿಸಿ, ಒಂದಕ್ಕೆ ಸಾಸಿವೆ ಕಾಳಿನಷ್ಟು ಅಡುಗೆ ಸೋಡಾ ಹಾಕಿ, ಎರಡರಲ್ಲೂ ನಾಲ್ಕು ನಾಲ್ಕು ಎಲೆ ಎರಡು ನಿಮಿಷ ಬೇಯಿಸಿ. ಸೋಡಾದ ಎಲೆ ಹಸಿರಾಗಿ ಉಳಿದು ಇನ್ನೊಂದು ಕಂದಿದರೆ ಹುಳಿಯದೇ ಕೆಲಸ. ಆದರೆ ಸೋಡಾವನ್ನು ಪರೀಕ್ಷೆಗೆ ಮಾತ್ರ ಇಟ್ಟುಕೊಳ್ಳಿ. ಪ್ರತಿದಿನ ಹಾಕಿದರೆ ಎಲೆ ಲೋಳೆಯಂತೆ ಕರಗುತ್ತದೆ, ಜೀವಸತ್ವವೂ ನಷ್ಟ, ಬಾಯಿಯಲ್ಲಿ ಸಾಬೂನಿನ ನೆನಪು. ನೀರು ಹೆಚ್ಚು ಹಾಕಿ ಹೊತ್ತು ಕಡಿಮೆ ಮಾಡುವುದೇ ಸರಿಯಾದ ಮದ್ದು.

ಸೊಪ್ಪು ಹಸಿರಾಗಿಯೇ ಇತ್ತು, ಬಟ್ಟಲಿಗೆ ಬರುವಾಗ ಕಂದಿತು ಎಂದಾದರೆ ನೀವು ಅತಿಥಿಗಳಿಗಾಗಿ ಕಾದಿದ್ದೀರಿ. ಬೆರೆಸಿದ ಸೂಪನ್ನು ಸಣ್ಣ ಉರಿಯಲ್ಲಿ ಅರ್ಧ ಗಂಟೆ ಇಟ್ಟರೆ ಯಾವ ದೇವರೂ ಹಸಿರನ್ನು ಉಳಿಸಲಾರ. ಕಾಯುವುದಾದರೆ ಬಿಳಿ ಮಾತ್ರ ಒಲೆಯ ಮೇಲೆ ಕಾಯಲಿ. ನಮ್ಮ ಎಣ್ಮಕಜೆ, ಬಾಯಾರಿನ ಕಡೆ ಇನ್ನೂ ಸುರಂಗದ ನೀರು ಬಳಸುವ ಮನೆಗಳಿವೆ. ಗುಡ್ಡದ ಹೊಟ್ಟೆಯಿಂದ ಬರುವ ಆ ತಣ್ಣನೆಯ ನೀರಿಗೆ ಬಿದ್ದ ಸೊಪ್ಪಿಗೆ ಮಂಜುಗಡ್ಡೆಯ ಹಂಗಿಲ್ಲ.

ಒಡೆದಿದೆ

ಇಲ್ಲಿಯೂ ಒಡೆತ ಒಂದೇ ಬಗೆಯದಲ್ಲ. ಒಂದು ಚಮಚ ಸೂಪನ್ನು ಬಿಳಿ ತಟ್ಟೆಯ ಮೇಲೆ ಹಾಕಿ ತಟ್ಟೆಯನ್ನು ಓರೆಮಾಡಿ ನೋಡಿ.

ಹಳದಿ ಮಿಶ್ರಿತ ಎಣ್ಣೆಯ ಕಣ್ಣುಗಳು ಕಂಡರೆ ಒಂದನೇ ಹಾಲು ಕುದಿದಿದೆ. ಕಾಯಿಹಾಲೆಂದರೆ ನೀರಿನಲ್ಲಿ ಚದುರಿ ನಿಂತ ಎಣ್ಣೆಯ ಹನಿಗಳು. ಕಾಯಿಯದೇ ಪ್ರೋಟೀನು ಆ ಹನಿಗಳನ್ನು ಒಂದಕ್ಕೊಂದು ಅಂಟದಂತೆ ಸುತ್ತುವರಿದಿರುತ್ತದೆ. ಬಿಸಿ 80 ಡಿಗ್ರಿಯ ಆಸುಪಾಸು ದಾಟಿ ಕುದಿಯ ಕಡೆಗೆ ಹೋದಂತೆ ಪ್ರೋಟೀನು ಗಟ್ಟಿಯಾಗಿ ಬಿಟ್ಟುಕೊಡುತ್ತದೆ, ಎಣ್ಣೆ ಮೇಲೆ ಬರುತ್ತದೆ. ಕಾಯಿಹಾಲನ್ನು ಕುದಿಸಿ ಉರುಕೆಲೆಣ್ಣೆ ತೆಗೆದ ಅಜ್ಜಿಯರು ಬೇಕೆಂದೇ ಮಾಡುತ್ತಿದ್ದುದು ಇದನ್ನೇ. ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಎದ್ದ ಕೂಡಲೇ ಇಳಿಸಿ. ಕಾಯಿ ಒಣಗಿ ಅರ್ಧ ಕೊಬ್ಬರಿಯಾಗಿದ್ದರೆ ಎಷ್ಟು ಜಾಗ್ರತೆ ವಹಿಸಿದರೂ ಬೇಗ ಎಣ್ಣೆ ಬಿಡುತ್ತದೆ; ಹಾಲು ಹಿಂಡುವಾಗಲೇ ಬೆರಳು ಜಿಡ್ಡಾಗಿದ್ದರೆ ಆ ಕಾಯಿಯನ್ನು ಚಟ್ನಿಗೆ ಕಳುಹಿಸಿ.

ಈ ಒಡೆತಕ್ಕೆ ಮದ್ದಿದೆ. ಒಂದು ಚಮಚ ಅಕ್ಕಿಹಿಟ್ಟನ್ನು ಅರ್ಧ ಲೋಟ ನೀರಿನಲ್ಲಿ ಗಂಜಿಯಾಗುವಂತೆ ಬೇಯಿಸಿ, ಉಗುರುಬೆಚ್ಚಗಾದ ಮೇಲೆ ಎರಡು ಸೌಟು ಒಡೆದ ಸೂಪಿನೊಂದಿಗೆ ಮಿಕ್ಸಿಯಲ್ಲಿ ತಿರುಗಿಸಿ ಪಾತ್ರೆಗೆ ಮರಳಿಸಿ. ಗಂಜಿ ಎಣ್ಣೆಯ ಹನಿಗಳನ್ನು ಹಿಡಿದುಕೊಳ್ಳುತ್ತದೆ. ಮತ್ತೆ ಕುದಿಸಿದರೆ ಮಾತ್ರ ನನ್ನನ್ನು ಬೈಯಬೇಡಿ.

ಬಿಳಿಯ ಸಣ್ಣ ಚಿಂದಿಗಳು ಕಂಡರೆ ಅದು ಹುಳಿಯ ಕೆಲಸ. ಸೊಪ್ಪಿನ ರಾಶಿಯಲ್ಲಿ ಹುಳಿಸೊಪ್ಪು ಸೇರಿತ್ತೇ? ಮೂರೆಲೆಯ, ಹಳದಿ ಹೂವಿನ ಆ ಪುಟ್ಟ ಗಿಡ ಒಂದೆಲಗದ ನಡುವೆಯೇ ಹಬ್ಬಿಕೊಂಡಿರುತ್ತದೆ. ಇಲ್ಲವೇ ರುಚಿಗೆಂದು ಬಿಂಬುಳಿ ಹಿಂಡಿದ್ದೀರಿ. ಕಾಯಿಹಾಲಿನ ಬದಲು ಹಸುವಿನ ಹಾಲು ಅಥವಾ ಕೆನೆ ಹಾಕುವವರಿಗೆ ಈ ಕಾಟ ಇನ್ನೂ ಹೆಚ್ಚು. ಚಿಂದಿಯಾದದ್ದು ಮರಳಿ ಹಾಲಾಗುವುದಿಲ್ಲ. ಸೋಸಿ, ರುಬ್ಬಿ ಮರೆಮಾಚಬಹುದು, ಅಷ್ಟೇ. ಹುಳಿ ಬೇಕಾದವರು ಬಟ್ಟಲಿಗೆ ಬಡಿಸಿದ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿಕೊಳ್ಳಲಿ.

ಎಣ್ಣೆಯೂ ಇಲ್ಲ, ಚಿಂದಿಯೂ ಇಲ್ಲ, ತಿಳಿನೀರು ಮಾತ್ರ ಬೇರೆಯಾಗಿ ಹರಿಯುತ್ತಿದೆ ಎಂದರೆ ಅದು ಒಡೆತವೇ ಅಲ್ಲ. ಮಂದಕ್ಕೆ ಹಾಕಿದ್ದು ಸಾಲಲಿಲ್ಲ, ಅಥವಾ ಬೇಯಲಿಲ್ಲ. ಅಕ್ಕಿಹಿಟ್ಟು ಕುದಿಯುವ ಬಿಸಿಯಲ್ಲಿ ಐದು ನಿಮಿಷವಾದರೂ ಇರಬೇಕು. ಹಸಿಹಿಟ್ಟಿನ ವಾಸನೆ ಬಂದರೆ ಅನುಮಾನವೇ ಬೇಡ. ಬಿಳಿಯನ್ನು ಮೊದಲೇ ಚೆನ್ನಾಗಿ ಕುದಿಸಿಕೊಳ್ಳಲು ಇನ್ನೊಂದು ಕಾರಣ ಇದು. ಕುಚ್ಚಿಲಕ್ಕಿ ಹಾಕಿ ಮರಳುಮರಳಾಯಿತೆಂದು ದೂರುವವರಿಗೆ ಹೇಳುವುದಿಷ್ಟೆ: ಅದು ಊಟಕ್ಕೆ, ಸೂಪಿಗೆ ಬೆಳ್ತಿಗೆ.

ಹಲಸಿನ ಬೇಳೆಯ ವಿಷಯದಲ್ಲಿ ನನಗೆ ಪಕ್ಷಪಾತವಿದೆ. ಮಳೆಗಾಲದಲ್ಲಿ ಮಣ್ಣು ಮೆತ್ತಿ ಮೂಲೆಯಲ್ಲಿ ಕಾದಿಟ್ಟ ಬೇಳೆ ಕೊಡುವ ನುಣುಪನ್ನು ಯಾವ ಅಂಗಡಿಯ ಹಿಟ್ಟೂ ಕೊಡದು. ಆದರೆ ಒಳಗಿನ ಕಂದು ಸಿಪ್ಪೆಯನ್ನು ಕೆರೆದು ತೆಗೆಯದಿದ್ದರೆ ಸೂಪಿನಲ್ಲಿ ಚುಕ್ಕೆ ಬೀಳುತ್ತದೆ, ಒಗರೂ ಬರುತ್ತದೆ. ಎಂಟರ ಬದಲು ಹದಿನಾರು ಹಾಕಿದರೆ ಗೋಡೆಗೆ ಪೋಸ್ಟರ್ ಅಂಟಿಸಬಹುದು. ಉಳಿದ ಪರಿಣಾಮವನ್ನು ರಾತ್ರಿ ಮನೆಯವರೇ ಹೇಳುತ್ತಾರೆ.

ಕಹಿ, ನೊರೆ, ಲೋಳೆ

ತಗತೆ ಕಹಿಯಾದರೆ ಕೊಯ್ದದ್ದು ತಡವಾಗಿದೆ. ಮೊದಲ ಮಳೆಗೆ ಎದ್ದ, ಗೇಣುದ್ದದ ಗಿಡದ ಕುಡಿ ಸೂಪಿಗೆ; ಸೋಣದಲ್ಲಿ ಹಳದಿ ಹೂ ಬಿಟ್ಟ ಗಿಡ ಯಾರಿಗೂ ಬೇಡ. ಬೇಯಿಸಿದ ನೀರನ್ನು ಸತ್ವ ಹೋಗುತ್ತದೆಂದು ಸೂಪಿಗೇ ಸುರಿಯುವವರಿದ್ದಾರೆ. ಕಹಿಯೂ ಅದರಲ್ಲಿಯೇ ಇದೆ.

ಇನ್ನೊಂದು ಎಚ್ಚರ. ತಗತೆಗೆ ನಮ್ಮ ಗಡಿಯಲ್ಲಿ ಮೂರು ಹೆಸರು: ತುಳುವಿನಲ್ಲಿ ತಜಂಕ್, ಮಲೆಯಾಳದಲ್ಲಿ ತಗರ. ಹೆಸರು ಕೇಳಿ ತರಲು ಕಳುಹಿಸಿದ ಹುಡುಗ ಅದೇ ಕುಲದ ಬೇರೆ ಗಿಡವನ್ನು ತಂದರೆ ಆಶ್ಚರ್ಯವಿಲ್ಲ. ತಗತೆಯ ಒಂದು ಎಲೆಕಡ್ಡಿಯಲ್ಲಿ ಸಾಮಾನ್ಯವಾಗಿ ಮೂರು ಜೊತೆ ಕಿರುಎಲೆಗಳಿದ್ದು ತುದಿ ದುಂಡಗಿರುತ್ತದೆ. ನಾಲ್ಕೈದು ಜೊತೆ ಎಲೆ, ಚೂಪು ತುದಿ, ಹಿಸುಕಿದರೆ ಕೆಟ್ಟ ವಾಸನೆ ಇದ್ದರೆ ಅದು ಬೇರೆ. ಅದರ ಬೀಜ ವಿಷ. ಚಕ್ರಮುನಿ ಸೊಪ್ಪನ್ನು ಹಾಕುವವರೂ ಬೇಯಿಸಿಯೇ ಹಾಕಿ. 1990ರ ದಶಕದಲ್ಲಿ ತೈವಾನಿನಲ್ಲಿ ತೂಕ ಇಳಿಸಲೆಂದು ಅದರ ಹಸಿರಸವನ್ನು ದಿನವೂ ಕುಡಿದವರ ಶ್ವಾಸಕೋಶಗಳು ಕೆಟ್ಟುಹೋಗಿದ್ದವು.

ನೊರೆ ಬಂದರೆ ಒಂದೆಲಗ ಹೆಚ್ಚಾಗಿದೆ. ಅದರಲ್ಲಿರುವ ಸಪೋನಿನ್ ಎಂಬ ಅಂಶ ಅಂಟುವಾಳದ ಕಾಯಿಯಲ್ಲೂ ಇರುವಂಥದು. ಮಿಕ್ಸಿಯಲ್ಲಿ ತಿರುಗಿಸಿದಷ್ಟೂ ನೊರೆ ಏಳುತ್ತದೆ. ಹತ್ತು ನಿಮಿಷ ಬಿಟ್ಟು ಸೌಟಿನಲ್ಲಿ ಕೆನೆಯಂತೆ ತೆಗೆದರಾಯಿತು. ಮುಂದಿನ ಸಲ ಒಂದು ಹಿಡಿಗೆ ನಿಲ್ಲಿಸಿ. ತಂಬುಳಿಯ ಲೆಕ್ಕ ಇಲ್ಲಿ ನಡೆಯದು.

ಲೋಳೆಗೆ ಕಾರಣ ಬಸಳೆ. ಅದನ್ನು ನೀರಿಗೆ ಹಾಕದೆ ತುಪ್ಪದಲ್ಲಿ ನೀರು ಆರುವವರೆಗೆ ಹುರಿದರೆ ಎಳೆ ಕಡಿಮೆಯಾಗುತ್ತದೆ. ಅಥವಾ ಲೋಳೆಯನ್ನೇ ಮಂದಕ್ಕೆ ಬಳಸಿ, ಬೇಳೆಯನ್ನು ಅರ್ಧ ಮಾಡಿ.

ಗಂಟಲು ತುರಿಸಿದರೆ

ಯಾರೋ ಕೆಸು ಹಾಕಿದ್ದಾರೆ. ಕೆಸುವಿನ ಎಲೆಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳು ಎರಡು ನಿಮಿಷದ ಬೇಯುವಿಕೆಗೆ ಜಗ್ಗುವುದಿಲ್ಲ. ಅದಕ್ಕೆ ಬೇಕಾದದ್ದು ಹುಣಸೆಹುಳಿ ಮತ್ತು ದೀರ್ಘ ಬಿಸಿ. ಎರಡೂ ಸೂಪಿನ ಶತ್ರುಗಳು. ಅದಕ್ಕೇ ಹಿರಿಯರು ಕೆಸುವನ್ನು ಪತ್ರೊಡೆಗೆ ಇಟ್ಟರು. ತುರಿಕೆಯ ಜೊತೆ ನಾಲಿಗೆ, ತುಟಿ ಊದಿಕೊಂಡರೆ ಅಥವಾ ಉಸಿರು ಕಟ್ಟಿದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಹೊರಡಿ.

ಲೋಹದ ರುಚಿ

ಇದು ಅಡಿಕೆ ತೋಟದವರ ಖಾಸಾ ದೋಷ. ನಾಲ್ಕು ಸಲ ಪಾತ್ರೆ ಬದಲಿಸಿದೆ, ಉಪ್ಪು ಬದಲಿಸಿದೆ. ಬಾಯಿಯಲ್ಲಿ ಹಳೆಯ ನಾಣ್ಯದ ರುಚಿ ಹೋಗಲಿಲ್ಲ. ತೆಗೆದಿಟ್ಟ ಬಿಳಿ ಸರಿಯಾಗಿತ್ತು. ಹಸಿರಿನಲ್ಲಿಯೇ ಏನೋ ಇತ್ತು. ಕೊನೆಗೆ ಬುಟ್ಟಿಯ ಹಸಿ ಎಲೆಯನ್ನು ಬೆಳಕಿಗೆ ಹಿಡಿದೆ. ಸಣ್ಣ ನೀಲಿಬಿಳಿ ಚುಕ್ಕೆಗಳು! ಕೊಳೆರೋಗಕ್ಕೆ 100 ಲೀಟರು ನೀರಿಗೆ ಒಂದೊಂದು ಕಿಲೋ ಮೈಲುತುತ್ತು (ತಾಮ್ರದ ಲವಣ) ಮತ್ತು ಸುಣ್ಣ ಕಲಸಿ ಮಳೆಗೆ ಮೊದಲೊಮ್ಮೆ, ನಲವತ್ತು ನಲವತ್ತೈದು ದಿನಗಳ ಬಳಿಕ ಇನ್ನೊಮ್ಮೆ ಮರಕ್ಕೆ ಬಿಡುತ್ತೇವಲ್ಲ, ಅದರ ಹನಿ ಬೀಳುವುದು ಬುಡದ ಒಂದೆಲಗದ ಮೇಲೆ. ಎರಡನೇ ಮದ್ದಿನ ಹೊತ್ತೇ ಆಟಿ, ಸೊಪ್ಪು ನಳನಳಿಸುವ ಹೊತ್ತೂ ಆಟಿ.

ತೊಳೆದರೆ ಹೋಗುತ್ತದೆಂದು ನಂಬಬೇಡಿ. ಸುಣ್ಣ ಸೇರಿದ ಮದ್ದು ಮಳೆಗೂ ಸುಲಭವಾಗಿ ತೊಳೆದುಹೋಗದೆ ಅಂಟಿ ನಿಲ್ಲುತ್ತದೆ. ಸೂಪು ಎದ್ದು ಕಾಣುವಷ್ಟು ಹಸಿರಾಗಿದೆ ಎಂದು ಸಮಾಧಾನಪಟ್ಟುಕೊಳ್ಳಲೂಬೇಡಿ. ಮೆಗ್ನೀಸಿಯಂ ಎದ್ದ ಜಾಗದಲ್ಲಿ ತಾಮ್ರ ಕುಳಿತರೂ ಬಣ್ಣ ಹಸಿರೇ. ಈ ಸೂಪಿಗೆ ರಿಪೇರಿಯಿಲ್ಲ, ಚೆಲ್ಲಬೇಕು. ಈಗ ನಾನು ಸೊಪ್ಪು ಕೊಯ್ಯುವುದು ಮನೆಯ ಹಿಂದಿನ ಗುಡ್ಡೆಯಿಂದ ಮಾತ್ರ. ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದುಕೊಂಡ ಎಣ್ಮಕಜೆಯಲ್ಲಿ ಎಲೆ ಎಲ್ಲಿಯದು ಎಂದು ಕೇಳುವುದನ್ನು ಯಾರೂ ಅತಿ ಎನ್ನುವುದಿಲ್ಲ.

ಮರಳು ಮತ್ತು ಮಿಕ್ಸಿ

ಮಳೆಯ ಹೊಡೆತಕ್ಕೆ ಕೆಸರು ಎಲೆಯ ಕೆಳಗೆ ಸಿಡಿದಿರುತ್ತದೆ. ಸೊಪ್ಪನ್ನು ನೀರಿನಲ್ಲಿ ಅಲುಗಿಸಿ, ಸೊಪ್ಪನ್ನೇ ಮೇಲೆತ್ತಬೇಕು. ನೀರನ್ನು ಬಗ್ಗಿಸಿದರೆ ತಳಕ್ಕೆ ಇಳಿದ ಮರಳು ಮರಳಿ ಸೊಪ್ಪಿನ ಮೇಲೆಯೇ ಕೂರುತ್ತದೆ. ಮೂರು ಸಲ.

ಬಿಳಿಯನ್ನು ಬಿಸಿಬಿಸಿಯಾಗಿ ಮಿಕ್ಸಿಗೆ ಹಾಕಿ ಮುಚ್ಚಳ ಒತ್ತಿ ಹಿಡಿದರೆ ಹಬೆ ಅದನ್ನು ಎತ್ತಿ ಒಗೆಯುತ್ತದೆ. ನಮ್ಮ ಅಡುಗೆಮನೆಯ ಮಾಡಿನಲ್ಲಿ ಇನ್ನೂ ಒಂದು ಕಲೆ ಇದೆ. ಆರಿದ ಮೇಲೆ, ಅರ್ಧ ಜಾರು ಮಾತ್ರ.

ಮರುದಿನದ ದೋಷಗಳು

ಫ್ರಿಜ್‌ನಿಂದ ತೆಗೆದಾಗ ಮೇಲೆ ಬಿಳಿಯ ಹರಳು ಕಟ್ಟಿದ್ದರೆ ಹೆದರಬೇಡಿ. ತೆಂಗಿನೆಣ್ಣೆ 24 ಡಿಗ್ರಿಯ ಸುಮಾರಿಗೆ ಹೆಪ್ಪುಗಟ್ಟುವಂಥದು. ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಬೆಚ್ಚಗೆ ಮಾಡಿ. ಬಣ್ಣ ಕಂದಿದ ಸೂಪಿಗೆ ಬೆಂದ ತೊಗರಿಬೇಳೆ ಸೇರಿಸಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಅನ್ನಕ್ಕೆ ಆಗುತ್ತದೆ, ಆಗ ಬಣ್ಣದ ಬಗ್ಗೆ ಯಾರೂ ಮಾತನಾಡುವುದಿಲ್ಲ.

ನನ್ನನ್ನು ಅತಿ ಹೆಚ್ಚು ಸತಾಯಿಸಿದ ದೋಷ ಬೇರೆಯೇ ಇತ್ತು. ರಾತ್ರಿ ಮಂದವಾಗಿದ್ದ ಸೂಪು ಬೆಳಗ್ಗೆ ಮಜ್ಜಿಗೆನೀರಿನಂತಾಗುತ್ತಿತ್ತು. ಅಕ್ಕಿಹಿಟ್ಟು ತಣಿದರೆ ಇನ್ನಷ್ಟು ಗಟ್ಟಿಯಾಗಬೇಕು, ತೆಳ್ಳಗಾಗುವುದೆಂದರೇನು? ಹಿಟ್ಟು ಹೆಚ್ಚಿಸಿದೆ, ಬೇಳೆ ಹೆಚ್ಚಿಸಿದೆ, ಪ್ರಯೋಜನವಾಗಲಿಲ್ಲ. ಒಂದು ರಾತ್ರಿ ನೀರು ಕುಡಿಯಲು ಎದ್ದಾಗ ಕಾರಣ ಕಣ್ಣಿಗೇ ಬಿತ್ತು: ನಮ್ಮ ಯಜಮಾನರು ಕತ್ತಲಲ್ಲಿ ನಿಂತು, ಪಾತ್ರೆಯಲ್ಲಿದ್ದ ಚಮಚದಿಂದಲೇ ಒಂದೊಂದೇ ಗುಟುಕು ರುಚಿ ನೋಡಿ, ಅದೇ ಚಮಚವನ್ನು ಅಲ್ಲಿಯೇ ಅದ್ದುತ್ತಿದ್ದರು. ಎಂಜಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಕತ್ತರಿಸಿ ನೀರು ಮಾಡುತ್ತದೆ. ಕುದಿಯುವ ಸೂಪಿನಲ್ಲಿ ಅದು ಸಾಯುತ್ತದೆ, ಉಗುರುಬೆಚ್ಚಗಿನದರಲ್ಲಿ ರಾತ್ರಿಯಿಡೀ ಕೆಲಸ ಮಾಡುತ್ತದೆ. ಈಗ ಅವರ ಪಾಲನ್ನು ಒಂದು ಬಟ್ಟಲಲ್ಲಿ ಬೇರೆಯೇ ಮುಚ್ಚಿಡುತ್ತೇನೆ. ಬೆಳಗ್ಗೆ ಎದ್ದಾಗ ಅದು ಖಾಲಿಯಾಗಿರುತ್ತದೆ, ಪಾತ್ರೆಯಲ್ಲಿರುವುದು ಮಂದವಾಗಿಯೇ ಇರುತ್ತದೆ.